ಕಷ್ಟದ ನಡುವೆ ತಪಸ್ಸು ಕಾಲ: ‘ದೇವರು ಪರೀಕ್ಷೆ ಮಾಡ್ತಿದ್ದಾರೆ’ ಅನ್ನೋ ಮಾತು ನಿಜವಾ?

ಪ್ರಶ್ನೆ: ಫಾದರ್, ನಾನು ಕಲಬುರಗಿಯವಳು, ವಯಸ್ಸು 43. ನಮ್ಮ ಮನೆಯವರು ಟಂಟಂ (ಬಾಡಿಗೆ ಆಟೋ) ಓಡಿಸುತ್ತಿದ್ದರು. ಎಂಟು ತಿಂಗಳ ಹಿಂದೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತೂ ನಿಂತಿದೆ. ನಾನು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಟಂಟಂ ಸಾಲದ ಕಂತು, ಸಂಘದ ಕಂತು ಎರಡೂ ಕಟ್ಟಲಾಗುತ್ತಿಲ್ಲ. ಈಗ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ. ಚರ್ಚಿನಲ್ಲಿ ಎಲ್ಲರೂ “ದೇವರು ಪ್ರೀತಿಸುವವರನ್ನೇ ಪರೀಕ್ಷೆ ಮಾಡ್ತಾರೆ, ಈ ತಪಸ್ಸು ಕಾಲದಲ್ಲಿ ನಿನ್ನ ಆತ್ಮ ಬೆಳೀತದೆ” ಅನ್ನುತ್ತಾರೆ. ನನಗೆ ಏನೂ ಬೆಳೆದ ಹಾಗೆ ಕಾಣುತ್ತಿಲ್ಲ. ಪ್ರಾರ್ಥನೆಗೆ ಕೂತರೆ ಸಿಟ್ಟು ಬರುತ್ತದೆ. ಶುಗರ್ ಇರುವುದರಿಂದ ಉಪವಾಸ ಮಾಡಲಾಗುವುದಿಲ್ಲ, ಶುಕ್ರವಾರ ಚರ್ಚಿನಲ್ಲಿ ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಗೂ ಹೋಗಲಾಗುತ್ತಿಲ್ಲ. ಹೋದ ವಾರ ಒಂದು ರಾತ್ರಿ ಅವರು ಎರಡನೇ ಸಲ ಹಾಸಿಗೆ ಒದ್ದೆ ಮಾಡಿಕೊಂಡಾಗ “ಸತ್ತಾದರೂ ಹೋಗಬಾರದಾ” ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಪರಿಚಯದವರೊಬ್ಬರು “ಗುಳಿಗೆ ಬಿಟ್ಟು ನಮ್ಮ ಪ್ರಾರ್ಥನಾ ಕೂಟಕ್ಕೆ ಕರಕೊಂಡು ಬಾ, ವಿಶ್ವಾಸ ಇದ್ದರೆ ಎದ್ದು ನಡೀತಾರೆ” ಅನ್ನುತ್ತಾರೆ. ಪಕ್ಕದ ಮನೆಯ ಆಪಾ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೋಗಿ ನಮ್ಮವರಿಗಾಗಿ ದುವಾ ಮಾಡಿ ಬಂದರು, ಬೇಡ ಅನ್ನಲು ಮನಸ್ಸಾಗಲಿಲ್ಲ. ಪಿಯುಸಿ ಓದುವ ಮಗ “ದೇವರು ಇದ್ದಿದ್ದರೆ ಹೀಗಾಗ್ತಿತ್ತಾ?” ಅಂತ ಕೇಳುತ್ತಾನೆ. ನನ್ನ ವಿಶ್ವಾಸ ಸತ್ತುಹೋಗಿದೆಯಾ ಫಾದರ್?

ಉತ್ತರ: ಅಮ್ಮಾ, ಮೊದಲು ಗುಳಿಗೆಯ ವಿಷಯ ಹೇಳಿಬಿಡುತ್ತೇನೆ. ಅದು ಮುಂದೂಡುವಂಥದ್ದಲ್ಲ. ಬಿಪಿ ಗುಳಿಗೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಗುಳಿಗೆ, ಯಾವುದನ್ನೂ ಡಾಕ್ಟರ್ ಹೇಳದೆ ಒಂದು ಹೊತ್ತೂ ನಿಲ್ಲಿಸಬೇಡಿ. ಒಮ್ಮೆ ಲಕ್ವಾ ಹೊಡೆದವರಿಗೆ ಮತ್ತೆ ಹೊಡೆಯುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಯಾರಾದರೂ ಮನೆಗೆ ಬಂದು ಪ್ರಾರ್ಥನೆ ಮಾಡುತ್ತೇವೆ ಅಂದರೆ ಮಾಡಲಿ. ಗುಳಿಗೆ ಬಿಡಿಸಿ ಅನ್ನುವವರ ಮಾತಿಗೆ ಮಾತ್ರ ತಲೆ ಅಲ್ಲಾಡಿಸಬೇಡಿ. ನಮ್ಮ ಬೈಬಲಿನಲ್ಲಿ ಸಿರಾಖನ ಗ್ರಂಥ ಇದೆ. ಅದರ 38ನೇ ಅಧ್ಯಾಯ ವೈದ್ಯರನ್ನು ಗೌರವಿಸಲು ಹೇಳುತ್ತದೆ. ಮದ್ದನ್ನು ಮಣ್ಣಿನಿಂದ ಹುಟ್ಟಿಸಿದ್ದು ದೇವರೇ, ಬುದ್ಧಿ ಇದ್ದವರು ಅದನ್ನು ತಳ್ಳಿಹಾಕುವುದಿಲ್ಲ ಅಂತಲೂ ಅಲ್ಲಿದೆ. ಗುಳಿಗೆ ನುಂಗಿಸುವುದು ವಿಶ್ವಾಸದ ಕೊರತೆ ಅನ್ನುವವರಿಗೆ ಆ ಅಧ್ಯಾಯ ತೋರಿಸಿ.

ಇನ್ನು ಪರೀಕ್ಷೆಯ ಮಾತು. ಅದನ್ನು ಹೇಳುವವರು ಕೆಟ್ಟವರಲ್ಲ. ಬಾಯಿಗೆ ಬೇರೆ ಮಾತು ಸಿಗದಾಗ ಇದು ಬರುತ್ತದೆ. ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ದೇವರು ಪ್ರೀತಿಸುವವರನ್ನು ಶಿಕ್ಷಿಸಿ ತಿದ್ದುತ್ತಾರೆ ಅನ್ನುವ ಅರ್ಥದ ಮಾತು ಇದೆ, ಇವರ ಮಾತಿನ ಬೇರು ಅಲ್ಲೇ ಇರಬೇಕು. ಆದರೆ ಆ ಪತ್ರ ಬರೆದದ್ದು ವಿಶ್ವಾಸದ ಕಾರಣಕ್ಕೆ ಜನರಿಂದ ಹಿಂಸೆ ಅನುಭವಿಸಿ ಸೋತವರಿಗೆ, ಅವರು ಧೈರ್ಯ ಬಿಡದಿರಲಿ ಅಂತ. ಹಾಸಿಗೆ ಹಿಡಿದವರ ಮನೆಗೆ ಹೋಗಿ “ನಿಮಗೆ ಇದನ್ನು ದೇವರೇ ಕಳಿಸಿದ್ದು” ಅನ್ನಲಿಕ್ಕೆ ಅದು ಪರವಾನಗಿ ಆಗುವುದಿಲ್ಲ. ದೇವರು ಯಾರನ್ನೂ ಕೆಟ್ಟದ್ದರ ಕಡೆ ಸೆಳೆದು ಪರೀಕ್ಷಿಸುವುದಿಲ್ಲ ಅಂತ ಸಂತ ಯಾಕೋಬರ ಪತ್ರದ ಮೊದಲ ಅಧ್ಯಾಯವೇ ಹೇಳುತ್ತದೆ.

ಈ ವರ್ಷ ಫೆಬ್ರವರಿ 18ಕ್ಕೆ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಬಂತು, ಏಪ್ರಿಲ್ 5ಕ್ಕೆ ಪುನರುತ್ಥಾನ ಹಬ್ಬ, ಅಂದರೆ ಈಸ್ಟರ್. ಭಾನುವಾರದ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ ಅಲ್ವಾ, 2026ಕ್ಕೆ ಮೊದಲ ವರ್ಷದ ಪಾಳಿ. ಹಾಗಾಗಿ ತಪಸ್ಸು ಕಾಲದ ಮೂರು, ನಾಲ್ಕು, ಐದನೇ ಭಾನುವಾರ, ಅಂದರೆ ಮಾರ್ಚ್ 8, 15, 22ಕ್ಕೆ, ಸಂತ ಯೊವಾನ್ನರ ಶುಭಸಂದೇಶದ (ಯೇಸುಸ್ವಾಮಿಯ ಬದುಕು ಹೇಳುವ ಬೈಬಲ್ ಗ್ರಂಥದ) ಮೂರು ದೊಡ್ಡ ಪ್ರಸಂಗಗಳನ್ನು ಓದುತ್ತೇವೆ: ಬಾವಿಯ ಹತ್ತಿರದ ಸಮಾರ್ಯದ ಹೆಂಗಸು, ಹುಟ್ಟುಕುರುಡ, ಲಾಜರ. ಇವು ನಿಮಗಾಗಿಯೇ ಇವೆ ಅನ್ನಿಸುತ್ತದೆ ನನಗೆ. ಪೂಜೆಗೆ ಹೋಗಲು ಆಗದಿದ್ದರೆ ಮಗನಿಂದ ಓದಿಸಿ ಕೇಳಿ.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದು ಇಷ್ಟೇ: ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪಕ್ಕೆ, ಇವನದಾ, ಇವನ ಅಪ್ಪ ಅಮ್ಮಂದಾ? ಯೇಸುಸ್ವಾಮಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ಇವನ ಪಾಪವೂ ಅಲ್ಲ, ಹೆತ್ತವರದ್ದೂ ಅಲ್ಲ ಅಂದರು. ಲೂಕರ ಶುಭಸಂದೇಶದಲ್ಲಿ ಸಿಲೋವ ಗೋಪುರ ಬಿದ್ದು 18 ಮಂದಿ ಸತ್ತ ಮಾತು ಬರುತ್ತದೆ. ಅವರೇನು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಸ್ವಾಮಿಯೇ ಕೇಳಿ, ಅಲ್ಲ ಅಂತ ಸ್ವಾಮಿಯೇ ಉತ್ತರ ಕೊಟ್ಟರು. ನಿಮ್ಮ ಮನೆಯವರ ಮೆದುಳಿಗೆ ರಕ್ತ ಹೋಗುವ ದಾರಿ ಕಟ್ಟಿತು, ಇಲ್ಲವೇ ಅಲ್ಲೊಂದು ನಾಳ ಒಡೆಯಿತು. ಲಕ್ವಾ ಅಂದರೆ ಅದೇ. ನೀವು ಮಾಡಿದ ಯಾವುದೋ ತಪ್ಪಿನ ಬಾಕಿ ಅದು ಅಲ್ಲವೇ ಅಲ್ಲ.

ಹಾಗಾದರೆ ದೇವರು ಯಾಕೆ ತಡೆಯಲಿಲ್ಲ? ಇದಕ್ಕೆ ಎರಡು ಸಾಲಿನ ಉತ್ತರ ಕೊಡುವವರನ್ನು ನಂಬಬೇಡಿ. ಪೋಪ್ ಆಗಿದ್ದ ಎರಡನೇ ಜಾನ್ ಪೌಲ್ ಜಗದ್ಗುರುಗಳ ಮೇಲೆ 1981ರ ಮೇ 13ರಂದು ಗುಂಡು ಹಾರಿಸಿದರು. ಅವರು ಬದುಕಿ ಉಳಿದರು. 1984ರ ಫೆಬ್ರವರಿ 11ಕ್ಕೆ ನೋವಿನ ಬಗ್ಗೆಯೇ ಇಡೀ ಧರ್ಮಸಭೆಗೆ, ಅಂದರೆ ಕಥೋಲಿಕ ಚರ್ಚಿಗೆ, ಒಂದು ಪತ್ರ ಬರೆದರು. ನೋವಿಗೆ ಕಾರಣ ಏನು ಅಂತ ಕ್ರಿಸ್ತರು ಕುಳಿತು ವಿವರಿಸುವುದಿಲ್ಲ, ನನ್ನ ಹಿಂದೆ ಬಾ ಅಂತ ಕರೆಯುತ್ತಾರೆ ಅನ್ನುವುದು ಆ ಪತ್ರದ ತಿರುಳಿನ ಒಂದು ಭಾಗ. ಕಾರಣ ಹೇಳದ ದೇವರು ಅದೇ ನೋವಿನೊಳಗೆ ಇಳಿದು ಬಂದರು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನಿ ತೋಟದಲ್ಲಿ ಸ್ವಾಮಿಯೇ ಮೂರು ಸಲ ಬೇಡಿಕೊಂಡರಲ್ಲ, ಈ ಪಾತ್ರೆ ನನ್ನಿಂದ ದೂರ ಹೋಗಲಿ ಅಂತ. ಕಷ್ಟ ಬೇಡ ಅನ್ನುವುದು ಪಾಪ ಆಗಿದ್ದರೆ ಆ ಪ್ರಾರ್ಥನೆ ಶುಭಸಂದೇಶದಲ್ಲಿ ಇರುತ್ತಿರಲಿಲ್ಲ.

ಈಗ ಬೆಳವಣಿಗೆಯ ಮಾತಿಗೆ ಬರುತ್ತೇನೆ. ಕಷ್ಟ ಬಂದರೆ ಆತ್ಮ ತಾನಾಗಿಯೇ ಬೆಳೆಯುತ್ತದೆ ಅನ್ನುವುದು ಸುಳ್ಳು. ಕಷ್ಟದಲ್ಲಿ ಕಲ್ಲಾದವರೂ ಇದ್ದಾರೆ, ಕುಡಿತಕ್ಕೆ ಬಿದ್ದವರೂ ಇದ್ದಾರೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಒಂದು ಸರಪಳಿ ಕೊಡುತ್ತಾರೆ. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಆ ಗುಣದಿಂದ ನಿರೀಕ್ಷೆ. ಗಮನಿಸಿ, ಕಷ್ಟದಿಂದ ನೇರ ನಿರೀಕ್ಷೆಗೆ ಅವರು ಜಿಗಿಯುವುದಿಲ್ಲ. ನಡುವೆ ಎರಡು ಮೆಟ್ಟಿಲುಗಳಿವೆ, ಎರಡಕ್ಕೂ ಕಾಲ ಬೇಕು. ಆಮೇಲೆ ಆ ನಿರೀಕ್ಷೆ ನಮ್ಮನ್ನು ಮೋಸ ಮಾಡುವುದಿಲ್ಲ, ಯಾಕಂದರೆ ಪವಿತ್ರಾತ್ಮರು ದೇವರ ಪ್ರೀತಿಯನ್ನು ನಮ್ಮ ಹೃದಯಕ್ಕೆ ಸುರಿದಿದ್ದಾರೆ ಅನ್ನುತ್ತಾರೆ. ಅಂದರೆ ಬೆಳೆಸುವುದು ಪ್ರೀತಿ. ಲಕ್ವಾಕ್ಕೆ ಯಾರನ್ನೂ ಬೆಳೆಸುವ ಶಕ್ತಿ ಇಲ್ಲ.

ನೀವು ಮೊದಲ ಮೆಟ್ಟಿಲ ಮೇಲೆ ಇದ್ದೀರಿ. ರಾತ್ರಿ ಎರಡು ತಾಸಿಗೊಮ್ಮೆ ಎದ್ದು ಅವರನ್ನು ಮಗ್ಗುಲು ತಿರುಗಿಸುತ್ತೀರಿ ಅಲ್ವಾ? ಹಾಗೆ ಮಾಡದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ ಅಂತ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ. ಜೋಳದ ರೊಟ್ಟಿ ನುಂಗಲು ಆಗದವರಿಗೆ ಗಂಜಿ ಕಾಯಿಸಿ, ತಲೆ ಎತ್ತಿ ಕೂರಿಸಿ, ಬಾಯಿಯ ಬಲಗಡೆ ತುತ್ತು ಉಳಿದಿದೆಯಾ ಅಂತ ಬೆರಳು ಹಾಕಿ ನೋಡುತ್ತೀರಿ. ಬೆಳಿಗ್ಗೆ ಎದ್ದು ಶಾಲೆಯ ಮಕ್ಕಳಿಗೆ ಅಡುಗೆ ಮಾಡುತ್ತೀರಿ. ಮನಸ್ಸು ಬರದಿದ್ದರೂ ಮಾಡುತ್ತೀರಿ. ಇದನ್ನೇ ಪೌಲರು ತಾಳ್ಮೆ ಅಂದದ್ದು. ಅದು ಒಳಗೆ ತಂಪಾಗಿ ಇರಬೇಕು ಅಂತ ಅವರು ಎಲ್ಲೂ ಬರೆದಿಲ್ಲ.

ಆ ರಾತ್ರಿಯ ಮಾತಿನ ಬಗ್ಗೆ ನಿಧಾನವಾಗಿ ಮಾತಾಡೋಣ, ನಿಮ್ಮ ಪತ್ರದ ಭಾರ ಎಲ್ಲಾ ಅಲ್ಲಿದೆ. ಎಂಟು ತಿಂಗಳಿಂದ ಪೂರ್ತಿ ನಿದ್ದೆ ಇಲ್ಲದ ಒಬ್ಬ ಹೆಂಗಸು ನಡುರಾತ್ರಿ ಎರಡನೇ ಸಲ ಹಾಸಿಗೆ ಬದಲಿಸುವಾಗ ಆಡಿದ ಮಾತು ಅದು. ದಣಿವು ಆಡಿಸಿದ ಮಾತು. ಹಾಗಂತ ಏನೂ ಆಗಿಲ್ಲ ಅಂತ ಹೇಳಲಾರೆ. ನಿಮಗೇ ಅದು ಚುಚ್ಚುತ್ತಿದೆ, ಆ ಚುಚ್ಚುವಿಕೆ ಒಳ್ಳೆಯದು, ಒಳಗೆ ಪ್ರೀತಿ ಇದ್ದವರಿಗೇ ಅದು ಆಗುವುದು. ಎರಡು ಕೆಲಸ ಮಾಡಿ. ಮೊದಲು ಅವರ ಹತ್ತಿರ ಕ್ಷಮೆ ಕೇಳಿ. ಮಾತು ನಿಂತವರಿಗೆ ಕೇಳಿಸುವುದಿಲ್ಲ, ಗೊತ್ತಾಗುವುದಿಲ್ಲ ಅಂತ ಎಷ್ಟೋ ಮನೆಗಳಲ್ಲಿ ಅಂದುಕೊಂಡಿರುತ್ತಾರೆ. ಎಷ್ಟೋ ಜನರಿಗೆ ಎಲ್ಲವೂ ತಿಳಿಯುತ್ತಿರುತ್ತದೆ, ತಿರುಗಿ ಹೇಳಲು ಮಾತ್ರ ಆಗುವುದಿಲ್ಲ. ಅವರ ಎಡಗೈ ಹಿಡಿದು, ಸುತ್ತುಬಳಸದೆ “ಆವತ್ತು ಅಂದದ್ದು ತಪ್ಪಾಯ್ತು, ನನಗೆ ಸಾಕಾಗಿತ್ತು” ಅನ್ನಿ. ಬಲಗಡೆ ಕೂರಬೇಡಿ, ಆ ಕೈಗೆ ಸ್ಪರ್ಶ ತಿಳಿಯದೇ ಇರಬಹುದು. ಎರಡನೆಯದು ಪಾಪನಿವೇದನೆ, ಅಂದರೆ ಚರ್ಚಿನ ಗುರುಗಳ ಮುಂದೆ ತಪ್ಪು ಹೇಳಿ ದೇವರ ಕ್ಷಮೆ ಪಡೆಯುವುದು. ಹಬ್ಬದ ಮುಂಚಿನ ಉದ್ದ ಸಾಲಿನಲ್ಲಿ ನಿಲ್ಲಲು ನಿಮಗೆ ಪುರುಸೊತ್ತಿಲ್ಲ. ನಿಮ್ಮ ಗುರುಗಳು ಮನೆಗೆ ಬಂದಾಗ ಅಡುಗೆಮನೆಯಲ್ಲೇ ಕೂತು ಮಾಡಬಹುದು. ಒಮ್ಮೆ ಹೇಳಿ ಕ್ಷಮೆ ಪಡೆದ ಮೇಲೆ ಅದನ್ನು ಮತ್ತೆ ಮತ್ತೆ ಕೆದಕಬೇಡಿ.

ಇನ್ನೊಂದು ಮಾತು. ಹಾಗೆ ಅಂದಾಗ ನಿಮ್ಮ ಸಾವಿನ ಯೋಚನೆಯೂ ಬರುತ್ತಿದೆಯಾ? ಬರುತ್ತಿದ್ದರೆ, ಅಥವಾ ಬೆಳಿಗ್ಗೆ ಏಳಲೇ ಮನಸ್ಸಾಗದ ಹಾಗೆ ವಾರಗಟ್ಟಲೆ ಇದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕಾಸು ಬೇಕಿಲ್ಲ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮನಸ್ಸು ಬಳಲುವುದು ವಿಶ್ವಾಸ ಸತ್ತದ್ದರ ಗುರುತಲ್ಲ. ಶುಗರಿಗೆ ಡಾಕ್ಟರ್ ಹತ್ತಿರ ಹೋಗುವ ಹಾಗೆ ಇದಕ್ಕೂ ಹೋಗಬೇಕು.

ದೇವರ ಮೇಲಿನ ಸಿಟ್ಟಿಗೆ ಲಾಜರನ ಮನೆಯಲ್ಲಿ ಉತ್ತರ ಇದೆ. ತಮ್ಮ ಕಾಯಿಲೆ ಬಿದ್ದಿದ್ದಾನೆ ಅಂತ ಅಕ್ಕಂದಿರು ಹೇಳಿ ಕಳಿಸಿದರು. ಸ್ವಾಮಿ ತಡವಾಗಿ ಬಂದರು, ಅಷ್ಟರಲ್ಲಿ ಸಮಾಧಿ ಆಗಿ ನಾಲ್ಕು ದಿನ. ಮಾರ್ತಳು ಎದುರು ಹೋಗಿ ಕೇಳಿದ್ದೇನು? ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಸ್ವಲ್ಪ ಹೊತ್ತಿಗೆ ಮರಿಯಳು ಬಂದು ಅದೇ ಮಾತನ್ನು ಆಡಿದಳು. ಇಬ್ಬರದ್ದೂ ದೂರೇ. ಸ್ವಾಮಿ ಇಬ್ಬರನ್ನೂ ಗದರಲಿಲ್ಲ. ಅತ್ತರು. ಮಾರ್ಚ್ 8ರ ಮೊದಲ ವಾಚನದಲ್ಲೂ ಇಂಥದ್ದೇ ಇದೆ. ಬಾಯಾರಿದ ಇಸ್ರಯೇಲರು ಮೋಶೆಯ ಮೇಲೆ ಜಗಳಕ್ಕೆ ಬಿದ್ದು, ದೇವರು ನಮ್ಮ ನಡುವೆ ಇದ್ದಾರಾ ಇಲ್ಲವಾ ಅಂತ ಕೇಳಿದರು. ಅದನ್ನು ಬೈಬಲ್ ಹೊಗಳುವುದಿಲ್ಲ. ಆದರೂ ಬಂಡೆಯಿಂದ ನೀರು ಬಂತು. ಅವರು ಸರಿಯಾಗಿ ಕೇಳಲಿ, ಆಮೇಲೆ ಕೊಡೋಣ ಅಂತ ದೇವರು ಕಾಯಲಿಲ್ಲ.

ಹಾಗಾಗಿ ಪ್ರಾರ್ಥನೆಗೆ ಕೂತಾಗ ಸಿಟ್ಟು ಬಂದರೆ ಆ ಸಿಟ್ಟನ್ನೇ ಪ್ರಾರ್ಥನೆ ಮಾಡಿ. ಕೀರ್ತನೆ 88 ತೆಗೆಯಿರಿ. ಅಷ್ಟೂ ಗೋಳಾಟ, ಕೊನೆಯಲ್ಲಿ ಕತ್ತಲು ಬಿಟ್ಟರೆ ಏನೂ ಇಲ್ಲ, ಒಂದು ಸಮಾಧಾನದ ಸಾಲೂ ಇಲ್ಲ. ಆದರೂ ಅದು ದೇವರಿಗೆ ಹೇಳಿದ ಮಾತು, ಅದಕ್ಕೇ ಪ್ರಾರ್ಥನೆ. ವಿಶ್ವಾಸ ಸತ್ತವರು ದೇವರ ಹತ್ತಿರ ಜಗಳ ಆಡುವುದಿಲ್ಲ ಅಮ್ಮಾ, ಸುಮ್ನೆ ಎದ್ದು ಹೋಗುತ್ತಾರೆ. ನೀವು ಜಗಳ ಆಡುತ್ತಿದ್ದೀರಿ, ಪತ್ರ ಬರೆದಿದ್ದೀರಿ, ಶಿಲುಬೆ ಹಾದಿಗೆ ಹೋಗಲಾಗಲಿಲ್ಲ ಅಂತ ಕೊರಗುತ್ತಿದ್ದೀರಿ.

ಏನೂ ಅನ್ನಿಸದ ಒಣ ದಿನಗಳ ಬಗ್ಗೆ ಸಂತ ಇಗ್ನಾಸಿಯವರ ಒಂದು ಬುದ್ಧಿಮಾತು ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಮೊದಲು ಸೈನಿಕರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಕಾಲು ಮುರಿಯಿತು, ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದರು. ಮನಸ್ಸಿನೊಳಗೆ ಯಾವುದು ಬಂದು ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ಗಮನಿಸಲು ಕಲಿತದ್ದು ಆಗಲೇ. ಅವರು ಹೇಳುವುದು: ಮನಸ್ಸು ಕತ್ತಲಾದಾಗ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡಿ. ಕತ್ತಲಲ್ಲಿ ಹೊಸ ತೀರ್ಮಾನ ಬೇಡ. ಹಾಗಾಗಿ “ಇನ್ನು ಚರ್ಚಿಗೆ ಹೋಗುವುದೇ ಬೇಡ” ಅಂತ ಈಗ ನಿರ್ಧರಿಸಬೇಡಿ. “ದಿನಾ ಪೂರ್ತಿ ಜಪಸರ ಮಾಡುತ್ತೇನೆ” ಅನ್ನುವ ಹೊಸ ಹರಕೆಯೂ ಬೇಡ, ಅದು ಮುರಿದಾಗ ಇನ್ನೊಂದು ಹೊರೆ ಆಗುತ್ತದೆ. ಸಂತ ಮದರ್ ತೆರೇಸಾ ವರ್ಷಗಟ್ಟಲೆ ಪ್ರಾರ್ಥನೆಯಲ್ಲಿ ಕತ್ತಲನ್ನೇ ಅನುಭವಿಸಿದರು ಅನ್ನುವುದು ಅವರು ತೀರಿದ ಮೇಲೆ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು. ಆ ಕತ್ತಲಲ್ಲೇ ಅವರು ದಿನಾ ಎದ್ದು ರೋಗಿಗಳ ಬಳಿ ಹೋದರು. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಾಯಿ ಬಿಟ್ಟ ಹಾಗೆ ಬಿರಿಯುತ್ತದೆ, ಹೊಲ ಸತ್ತಿತು ಅಂತ ಯಾರೂ ಅನ್ನುವುದಿಲ್ಲ. ಮೊದಲ ಮಳೆಯ ನೀರು ಆ ಬಿರುಕಿನಲ್ಲೇ ಆಳಕ್ಕೆ ಇಳಿಯುತ್ತದೆ.

ಒಂದು ಸಣ್ಣ ಕ್ರಮ ಇಟ್ಟುಕೊಳ್ಳಿ. ಅವರಿಗೆ ಗಂಜಿ ಕುಡಿಸಿದ ಮೇಲೆ ಪಕ್ಕದಲ್ಲಿ ಕೂತು “ಪರಲೋಕದಲ್ಲಿರುವ ನಮ್ಮ ತಂದೆಯೇ” ಪ್ರಾರ್ಥನೆಯನ್ನು ನಿಧಾನವಾಗಿ, ಗಟ್ಟಿಯಾಗಿ ಹೇಳಿ. ಇದರಲ್ಲಿ ನಿಮಗೆ ಗೊತ್ತಿರದ ಒಂದು ಸಂಗತಿ ಇರಬಹುದು. ಲಕ್ವಾದಿಂದ ಮಾತು ನಿಂತವರಲ್ಲಿ ಕೆಲವರಿಗೆ ನೀರು ಬೇಕು ಅನ್ನಲು ಆಗುವುದಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಆದ ಪ್ರಾರ್ಥನೆ, ಹಾಡು ಮಾತ್ರ ನಾಲಿಗೆಗೆ ಬರುತ್ತವೆ. ಹೊಸ ಮಾತು ಕಟ್ಟುವುದಕ್ಕೂ ರೂಢಿಯಾದ ಮಾತು ಒಪ್ಪಿಸುವುದಕ್ಕೂ ಮೆದುಳಿನ ದಾರಿಗಳು ಪೂರ್ತಿ ಒಂದೇ ಅಲ್ಲ. ನೀವು “ಪರಲೋಕದಲ್ಲಿರುವ” ಅಂತ ಹೇಳಿ ನಿಲ್ಲಿಸಿ ನೋಡಿ. ಮುಂದಿನ ಶಬ್ದ ಅವರಿಂದ ಬಂದರೂ ಬರಬಹುದು. ಬರದಿದ್ದರೆ ಬೇಸರ ಬೇಡ, ಮಾತಿನ ತರಬೇತಿ ಕೊಡುವವರು ಆಸ್ಪತ್ರೆಯಲ್ಲಿ ಇದ್ದರೆ ಅವರನ್ನು ಕೇಳಿ. ಫಿಸಿಯೋಥೆರಪಿಯನ್ನೂ ಬಿಡಬೇಡಿ.

ಉಪವಾಸದ ವಿಷಯ ಬೇಗ ಮುಗಿಯುತ್ತದೆ. ಧರ್ಮಸಭೆ ಉಪವಾಸ ಕಡ್ಡಾಯ ಮಾಡಿರುವುದು ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಕಾಯಿಲೆ ಇರುವವರಿಗೆ ಇದು ಕಡ್ಡಾಯವಲ್ಲ. ಶುಗರಿಗೆ ಗುಳಿಗೆ ತೆಗೆದುಕೊಳ್ಳುವ ನೀವು ಹೊತ್ತಿಗೆ ಸರಿಯಾಗಿ ಉಣ್ಣಬೇಕು, ನಡುರಾತ್ರಿ ತಲೆ ತಿರುಗಿ ನೀವೇ ಬಿದ್ದರೆ ಅವರನ್ನು ಎತ್ತುವವರು ಯಾರು? ಈ ವರ್ಷ ರಂಜಾನ್ ಉಪವಾಸವೂ ಹೆಚ್ಚುಕಡಿಮೆ ಬೂದಿ ಬುಧವಾರದ ವಾರವೇ ಶುರುವಾಯಿತು. ನಿಮ್ಮ ಆಪಾ ಅವರನ್ನು ಕೇಳಿ ನೋಡಿ, ಅವರಲ್ಲೂ ರೋಗಿಗಳಿಗೆ ವಿನಾಯಿತಿ ಇದೆ. ಇನ್ನೊಂದು ನಿಯಮ ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ) ಒಂದು ತಾಸು ಮುಂಚೆ ಏನೂ ತಿನ್ನಬಾರದು ಅಂತ ಇದೆಯಲ್ಲ, ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅದು ಅನ್ವಯಿಸುವುದಿಲ್ಲ. ಧರ್ಮಸಭೆಯ ಕಾನೂನಿನ 919ನೇ ವಿಧಿಯಲ್ಲೇ ಹೀಗಿದೆ. ಅವರನ್ನು ಬಿಟ್ಟು ಬರಲಾಗದೆ ಭಾನುವಾರದ ಪೂಜೆ ತಪ್ಪಿದರೆ ಅದೂ ಪಾಪವಲ್ಲ. ನೀವು ಬಿಡಬೇಕಾದದ್ದು ಒಂದಿದೆ ಅನ್ನಿಸಿದರೆ, ಯಾರ ಮುಂದೆಯೂ ಕೈ ಚಾಚಬಾರದು ಅನ್ನುವ ಹಟವನ್ನು ಈ ನಲವತ್ತು ದಿನ ಬಿಡಿ. ಗಟ್ಟಿಯಾಗಿ ದುಡಿದು ತಿಂದವರಿಗೆ ಅದು ಹಸಿವಿಗಿಂತ ಕಷ್ಟ.

ಈಗ ನಿಮ್ಮ ಧರ್ಮಕೇಂದ್ರದವರಿಗೆ, ಅಂದರೆ ನಿಮ್ಮ ಚರ್ಚಿನವರಿಗೆ, ಎರಡು ಮಾತು, ಅವರೂ ಇದನ್ನು ಓದುತ್ತಾರೆ.

ನಮ್ಮದು ಜನ ಕಡಿಮೆ ಇರುವ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್‌ರ ಕೈಕೆಳಗಿನ ಪ್ರದೇಶ. 2005ರಲ್ಲಿ ರಚನೆಯಾಯಿತು. ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರದಷ್ಟು ದೊಡ್ಡ ನೆಲ, ಅಲ್ಲೊಂದು ಇಲ್ಲೊಂದು ಕುಟುಂಬ. ಗುರುಗಳು ಎಲ್ಲರ ಮನೆ ಬಾಗಿಲಲ್ಲಿ ಇರಲು ಆಗುವುದಿಲ್ಲ. ಪ್ರತಿ ಶುಕ್ರವಾರ ನಾವು ಶಿಲುಬೆ ಹಾದಿಯ ಐದನೇ ಸ್ಥಳಕ್ಕೆ ಬಂದು ಮೊಣಕಾಲೂರುತ್ತೇವೆ, ಸಿರೇನದ ಸಿಮೋನ ಶಿಲುಬೆ ಹೊರಲು ಹೆಗಲು ಕೊಟ್ಟ ಜಾಗ. ಅವನು ಬೇಕು ಅಂತ ಬಂದವನಲ್ಲ. ಹಳ್ಳಿಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಹೊರಿಸಿದರು ಅಂತ ಮಾರ್ಕರು ಬರೆಯುತ್ತಾರೆ. ಆದರೂ ಹೊತ್ತ, ಅವನ ಮಕ್ಕಳ ಹೆಸರೂ ಶುಭಸಂದೇಶದಲ್ಲಿ ಉಳಿಯಿತು. ಈ ತಾಯಿಯ ಮನೆಗೆ ಹೋಗಿ ಪರೀಕ್ಷೆಯ ಮಾತು ಆಡಬೇಡಿ. ಶುಕ್ರವಾರ ಸಂಜೆ ಒಬ್ಬರು ಅವರ ಗಂಡನ ಹತ್ತಿರ ಎರಡು ತಾಸು ಕೂತರೆ ಅವರು ಶಿಲುಬೆ ಹಾದಿಗೆ ಬರಬಹುದು. ಅಥವಾ ಬರದೆ ಮಲಗಿ ನಿದ್ದೆ ಮಾಡಬಹುದು, ಅದೂ ಸರಿಯೇ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು, ಅಲ್ಲಿಯ ತನಕ ಅವರದ್ದು ಒಳ್ಳೆಯ ಗೆಳೆತನವೇ. ಬಾಯಿ ತೆರೆದು ಕಾರಣ ವಿವರಿಸಲು ಹೊರಟ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಮಾರ್ಕರ 2ನೇ ಅಧ್ಯಾಯದಲ್ಲಿ ಲಕ್ವಾ ಹೊಡೆದ ಒಬ್ಬನನ್ನು ನಾಲ್ಕು ಜನ ಹೊತ್ತು ತಂದು, ಮಾಳಿಗೆ ಕಿತ್ತು ಕೆಳಗೆ ಇಳಿಸುತ್ತಾರೆ. ಅವರ ವಿಶ್ವಾಸ ಕಂಡು ಯೇಸುಸ್ವಾಮಿ ಮಾತಾಡಿದರು ಅಂತ ಅಲ್ಲಿದೆ. ಮಲಗಿದ್ದವನ ವಿಶ್ವಾಸ ಎಷ್ಟಿತ್ತು ಅಂತ ಯಾರೂ ಅಳೆಯಲಿಲ್ಲ. ತಪಸ್ಸು ಕಾಲದ ದಾನಧರ್ಮ ಅಂದರೆ ಡಬ್ಬಿಗೆ ನೋಟು ಹಾಕುವುದಷ್ಟೇ ಅಂತ ತಿಳಿದವರಿಗೆ ಇಷ್ಟು ಸಾಕು.

ಅಮ್ಮಾ, ಸಾಲದ ವಿಷಯದಲ್ಲೂ ಸುಮ್ಮನೆ ಸಹಿಸಿಕೊಂಡು ಕೂರಬೇಡಿ. ತೆಗೆದುಹಾಕಬಹುದಾದ ಕಷ್ಟವನ್ನು ತೆಗೆದುಹಾಕಬೇಕು, ಅದನ್ನು ಶಿಲುಬೆ ಅಂತ ಹೊತ್ತು ತಿರುಗುವುದು ಬೇಡ. ಕಂತಿಗಾಗಿ ಮನೆ ಮುಂದೆ ಬಂದು ಕೂಗಾಡುವುದು, ಹೆದರಿಸುವುದು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಹಾಗೇನಾದರೂ ಆದರೆ ಪೊಲೀಸರಿಗೆ ದೂರು ಕೊಡಿ. ನಿಮ್ಮವರಿಗೆ ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಲು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಮಾಸಾಶನದ ಅರ್ಜಿಗೂ ಅದು ಬೇಕಾಗುತ್ತದೆ. ನಿಮಗೆ ಕಚೇರಿ ಅಲೆಯಲು ಹೊತ್ತಿಲ್ಲ. ಧರ್ಮಕೇಂದ್ರದ ಓದು ಬಲ್ಲ ಹುಡುಗರಿಗೆ ಈ ಕೆಲಸ ವಹಿಸಿ, ಕಾನ್ವೆಂಟಿನ ಸಿಸ್ಟರ್‌ಗಳಿಗೂ ಹೇಳಿಡಿ.

ಆಪಾ ದರ್ಗಾದಲ್ಲಿ ದುವಾ ಮಾಡಿ ಬಂದದ್ದರ ಬಗ್ಗೆ ಅಂಜಿಕೆ ಬೇಡ. ನಿಮ್ಮ ಕಷ್ಟಕ್ಕೆ ಅವರ ಮನಸ್ಸು ಕರಗಿತು, ಅವರಿಗೆ ಗೊತ್ತಿರುವ ರೀತಿಯಲ್ಲಿ ದೇವರನ್ನು ಬೇಡಿದರು. ಥ್ಯಾಂಕ್ಸ್ ಹೇಳಿ. ಅವರ ಮನೆಯ ಇಫ್ತಾರ್‌ಗೆ ನಿಮ್ಮ ಕೈಯಡುಗೆ ಏನಾದರೂ ಕಳಿಸಿ. ನೀವು ನಿಮ್ಮ ವಿಶ್ವಾಸ ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ.

ರೋಗಿಗಳ ತೈಲಲೇಪನ, ಅಂದರೆ ಗುರುಗಳು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಈ ವಾರವೇ ಗುರುಗಳಿಗೆ ಫೋನ್ ಮಾಡಿ. ಎಷ್ಟೋ ಮನೆಗಳಲ್ಲಿ ಅದನ್ನು ಸಾಯುವವರಿಗೆ ಕೊಡುವುದು ಅಂದುಕೊಂಡು ಕೊನೆಯ ಗಳಿಗೆಯವರೆಗೂ ಕರೆಯುವುದಿಲ್ಲ. ಯಾಕೋಬರ ಪತ್ರದ 5ನೇ ಅಧ್ಯಾಯ ನೋಡಿ, ಕಾಯಿಲೆ ಇರುವವರು ಸಭೆಯ ಹಿರಿಯರನ್ನು ಕರೆಸಲಿ ಅಂತ ಇದೆ. ಹೆಚ್ಚಿನ ಕಾಯಿಲೆ ಬಿದ್ದವರಿಗೆ ಅದು, ಕಾಯಿಲೆ ಮತ್ತೆ ಜೋರಾದರೆ ಮತ್ತೆ ಪಡೆಯಬಹುದು. ಪರಮಪ್ರಸಾದವನ್ನೂ ಮನೆಗೇ ತಂದು ಕೊಡುತ್ತಾರೆ. ನುಂಗಲು ಕಷ್ಟ ಇದ್ದರೆ ಮೊದಲೇ ತಿಳಿಸಿ, ಚಿಕ್ಕ ಚೂರು ಕೊಡುತ್ತಾರೆ.

ಮಗನ ಪ್ರಶ್ನೆ ಉಳಿಯಿತು. ಅವನಿಗೆ ದೇವರ ಪರವಾಗಿ ವಾದ ಮಾಡಬೇಡಿ. ಪರೀಕ್ಷೆಯ ಹೊತ್ತಿನಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕೂತು ಓದುವ ಹುಡುಗನಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. “ನಾನೂ ಅದನ್ನೇ ಕೇಳ್ತಿದ್ದೀನಪ್ಪಾ” ಅನ್ನಿ, ಅದು ನಿಜ ತಾನೇ? ಚರ್ಚಿಗೆ ಬಾ ಅಂತ ಒತ್ತಾಯ ಮಾಡಬೇಡಿ, ಬಾಗಿಲೂ ಮುಚ್ಚಬೇಡಿ. ಮಾರ್ಚ್ 29ಕ್ಕೆ ಗರಿಗಳ ಭಾನುವಾರ. ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಲು ಇಬ್ಬರ ಕೈ ಬೇಕು, ನೀನೂ ಹಿಡೀತೀಯಾ ಅಂತ ಕೇಳಿ. ಬಿಸಿಲು ಏರುವ ಮುಂಚಿನ ಪೂಜೆಗೇ ಹೋಗಿ, ಅವರಿಗೆ ಟೋಪಿ ಹಾಕಿ, ಕುಡಿಯುವ ನೀರು ಜೊತೆಗಿರಲಿ. ಗಾಲಿಕುರ್ಚಿ ಇಲ್ಲದಿದ್ದರೆ ಧರ್ಮಕೇಂದ್ರದವರು ಹುಡುಕಿ ಕೊಡಲಿ, ಮೇಲೆ ಹೇಳಿದ್ದೇನಲ್ಲ.